ಹೊಸ್ತಿಲ ಹೊರಗಿನ ಬಾಟಲಿ

ನಮ್ಮ ಹಿತ್ತಲಲ್ಲಿ ಒಂದು ಗೋಣಿಚೀಲವಿದೆ. ಅದರ ತುಂಬ ಸತ್ತ ಸ್ಪ್ರೇ ಬಾಟಲಿಗಳು. ಕೆಲವಕ್ಕೆ ಕುದುರೆ ಮುರಿದಿದೆ. ಬೆರಳಿಟ್ಟು ಒತ್ತುವ ಆ ಕೊಕ್ಕೆಯನ್ನು ಬಂದೂಕಿನದಕ್ಕೆ ಅನ್ನುವ ಹಾಗೆ ನಮ್ಮ ಮನೆಯಲ್ಲಿ ಕುದುರೆ ಅಂತಲೇ ಕರೆಯುತ್ತೇವೆ. ಕೆಲವಕ್ಕೆ ಬಾಯಿ ಕಟ್ಟಿದೆ, ಕೆಲವಕ್ಕೆ ಕುತ್ತಿಗೆ ಸೀಳಿದೆ, ಕೆಲವು ಬುಡದಲ್ಲೇ ಸೋರಿವೆ. ಗುಜರಿಯವನಿಗೆ ಹಾಕೋಣವೆಂದರೆ ಅವನು ಚೀಲದ ಬಾಯಿ ಬಿಚ್ಚಿ ಮೂಸಿ ನೋಡಿ, ಮೂಗು ಮುಚ್ಚಿಕೊಂಡು, ಬೇಡ ಎಂದು ಗಾಡಿ ತಳ್ಳಿಕೊಂಡು ಹೋದ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ಅಂಗಡಿ ಹತ್ತಿಳಿದು ನಾನೇ ಆರಿಸಿ ತಂದ ಬಾಟಲಿಗಳು ಇವು. ಮದುವೆಯ ಸೀರೆ ಆರಿಸುವಾಗಲೂ ನಾನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮ ಮನೆ ಶಹಾಪುರದಲ್ಲಿ, ನನ್ನ ಕೆಲಸ ಸುರಪುರದ ಒಂದು ಶಾಲೆಯಲ್ಲಿ. ಹಿಂದಿ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಆಗೀಗ ಮೀಟಿಂಗ್ ಎಂದರೆ ಯಾದಗಿರಿಗೆ ಓಡುವುದು. ನಮ್ಮ ಮನೆಯವರು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ಊರಿನ ದರ್ಜಿಗಳೆಲ್ಲ ಅವರ ಗಿರಾಕಿಗಳು. ಮಿಷನ್ನಿನ ಸದ್ದು ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಇವರು ಹೇಳಿಬಿಡುತ್ತಿದ್ದರು. ಆಮೇಲೆ ಒಂದು ದಿನ ಅವರಿಗೆ ಲಕ್ವಾ ಹೊಡೆಯಿತು. ಕಾಲು ತಿಂಗಳುಗಟ್ಟಲೆ ತಿಕ್ಕಿ ತೀಡಿದ ಮೇಲೆ ಹಿಡಿತಕ್ಕೆ ಬಂತು, ಮಾತೂ ಸರಿಯಾಯಿತು. ಎಡಗೈ ಮಾತ್ರ ಬರಲಿಲ್ಲ. ಅದು ಈಗಲೂ ತೊಡೆಯ ಮೇಲೆ ಸುಮ್ಮನೆ ಮಲಗಿರುತ್ತದೆ.

ಒಂದು ಕೈಯಲ್ಲಿ ಹೊಲಿಗೆ ಮಿಷನ್ ಎತ್ತಲಾಗದು, ಹೊರಳಿಸಲಾಗದು. ಹೀಗಾಗಿ ಅವರು ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂತುಬಿಟ್ಟರು. ಅವರು ಸಿಟ್ಟು ಮಾಡಿದ್ದರೆ ನಾನೂ ಮಾಡುತ್ತಿದ್ದೆ, ಇಬ್ಬರಿಗೂ ಹಗುರಾಗುತ್ತಿತ್ತು. ಅವರು ಸಿಟ್ಟನ್ನೂ ಮಾಡುತ್ತಿರಲಿಲ್ಲ.

ಆಗ ಬಂದವರು ಅವರ ಗೆಳೆಯ, ಬಜಾರದ ಹಳೆಯ ದರ್ಜಿ. ಜುಮ್ಮಾ ನಮಾಜು ಮುಗಿಸಿ ಬರುವಾಗ ಕೈಯಲ್ಲೊಂದು ಚೀಲ ಹಿಡಿದು ತಂದಿದ್ದರು. ಚೀಲದೊಳಗೆ ಗಾಳದ ಕೋಲಿಗೆ ಕಟ್ಟಿ ದಾರ ಸುತ್ತುವ ರೀಲು. ದರ್ಜಿಗೆ ಮೀನಿನ ಹುಚ್ಚು. ರವಿವಾರ ಬಂತೆಂದರೆ ನಾಲ್ಕು ಜನ ಕೂಡಿ ಭೀಮಾ ಹೊಳೆಗೋ, ಕೊಡೇಕಲ್ ದಾಟಿ ಡ್ಯಾಮಿನ ಹಿನ್ನೀರಿಗೋ ಹೋಗಿ ಗಾಳ ಹಾಕಿ ಕೂರುವವರು. ಹೊಟ್ಟೆಪಾಡಿಗೆ ಮೀನು ಹಿಡಿಯುವವರು ಬಲೆ ಹಾಕುತ್ತಾರೆ, ರೀಲು ಇಂಥ ಹುಚ್ಚಿನವರದು.

"ಇದರ ಹಲ್ಲಾಗ ರೇತಿ ಹೊಕ್ಕದ ಭಾಯಿ. ತಿರುವಿದ್ರ ಹಿಟ್ಟಿನ ಗಿರಣಿ ಹಂಗ ಬಡ್ಕೋತದ. ನಿಮ್ಮ ಮಿಷನ್ ಬಾಬಿನ್‌ದ ತಮ್ಮನ ಅಂತ ತಿಳ್ಕೋರಿ, ನೋಡ್ರಿ ಜರಾ" ಎಂದರು ದರ್ಜಿ.

ನಮ್ಮ ಮನೆಯವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಕೆ ತಿರುವಿದರು. ಕಿವಿ ಹತ್ತಿರ ತಂದರು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನನಗೆ ಗುರುತಿದ್ದ ಮನುಷ್ಯ ಕಂಡ. ಅವತ್ತು ದರ್ಜಿಗೆ ನಾನು ಎರಡು ಸಲ ಚಹಾ ಮಾಡಿಕೊಟ್ಟೆ.

ತೊಂದರೆ ಶುರುವಾದದ್ದು ಒಳಗಿನಿಂದ. ನಮ್ಮದು ಲಿಂಗ ಕಟ್ಟುವ ಮನೆ. ಮೀನು, ಮಾಂಸ, ತತ್ತಿ ಯಾವುದೂ ಹೊಸ್ತಿಲು ದಾಟಿದ್ದಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ರೀಲನ್ನೂ ಮಗನನ್ನೂ ನೋಡಿದರು. ಮಗನ ಮುಖ ಅವರಿಗೂ ಕಂಡಿರಬೇಕು, ಬೇಡ ಅನ್ನಲಿಲ್ಲ. ಆದರೆ ಕಟ್ಟಳೆ ಹಾಕಿದರು.

"ಯಪ್ಪಾ, ಮೀನಿನ ಸಾಮಾನ ಹೊಚ್ಚಲ ದಾಟಬಾರದು. ಕಟ್ಟಿ ಮ್ಯಾಲ ಏನರ ಮಾಡ್ಕೋ, ನಾ ಏನೂ ಅನ್ನಂಗಿಲ್ಲ. ಒಳಗ ಬರೂಮುಂದ ಕೈಕಾಲು ತೊಳ್ಕೊಂಡು ಬಾ."

ನನಗೂ ಮೀನಿನ ವಾಸನೆ ಆಗದು, ತಲೆಯಾಡಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಕಟ್ಟಳೆಗೂ ಬಳ್ಳಿಗೂ ಒಂದೇ ಗುಣ, ಬಿಟ್ಟರೆ ಹಬ್ಬುತ್ತದೆ. ಮೊದಲು ರೀಲು ಹೊರಗೆ. ಆಮೇಲೆ ರೀಲು ಬಿಚ್ಚುವ ಸ್ಕ್ರೂಡ್ರೈವರ್ ಹೊರಗೆ, ಒರೆಸುವ ಅರಿವೆ ಹೊರಗೆ. ಕೊನೆಗೆ ಆ ಕೆಲಸಕ್ಕೆ ಒಮ್ಮೆ ಮುಟ್ಟಿದ ಯಾವುದೇ ವಸ್ತು ರಾತ್ರಿ ಹಗಲು ಕಟ್ಟೆಯ ಮೇಲೇ ಇರಬೇಕು ಎಂದಾಯಿತು.

ದರ್ಜಿಯ ರೀಲು ಸರಿಯಾದದ್ದೇ ತಡ, ಅವರ ಸಂಗಡಿಗರದು ಬಂತು. ಅವರಿಂದ ಕೇಳಿ ಸುರಪುರದ ಒಬ್ಬ ಕಂಪೌಂಡರ್, ಕಡೇಚೂರಿನ ಫ್ಯಾಕ್ಟರಿಯಲ್ಲಿದ್ದ ಒಬ್ಬ ಬಂಗಾಲಿ, ಗುರುಮಠಕಲ್ ಕಡೆಯಿಂದ ತೆಲುಗು ಮಾತಾಡುವ ಅಣ್ಣತಮ್ಮಂದಿರು. ಕೆಲಸ ಏನು ಅಂತೀರಿ? ರೀಲು ಬಿಚ್ಚಬೇಕು, ಹಳೆಯ ಗ್ರೀಸು ತೆಗೆಯಬೇಕು, ಒಣಗಿಸಬೇಕು, ಹೊಸ ಗ್ರೀಸು ಹಚ್ಚಿ ಮುಚ್ಚಬೇಕು. ಇದರಲ್ಲಿ ಕಷ್ಟದ್ದು ಹಳೆಯ ಗ್ರೀಸು. ಹೊಳೆಯ ಸಣ್ಣ ರೇತಿ, ಎರೆಮಣ್ಣು ಎಲ್ಲ ಅದರಲ್ಲಿ ಕಲೆತು ಕಾಡಿಗೆಯ ಹಾಗೆ ಹಲ್ಲು ಹಲ್ಲಿಗೂ ಮೆತ್ತಿರುತ್ತದೆ. ಬ್ರಷ್ ಹಾಕಿ ತಿಕ್ಕಿದರೆ ರೇತಿ ಇನ್ನೂ ಒಳಕ್ಕೆ ಹೋಗುತ್ತದೆ. ಜಿಡ್ಡು ಕರಗಿಸುವ ಡಿಗ್ರೀಸರನ್ನು ಧಾರೆ ಹಿಡಿದು ಹೊಡೆದರೆ ಮಾತ್ರ ಹೊರಗೆ ಹರಿದು ಬರುತ್ತದೆ.

ಡಿಗ್ರೀಸರ್ ಯಾದಗಿರಿಯ ಬೈಕ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಕೆಂಪಗೆ ಇರುತ್ತದೆ, ಮೂಗಿಗೆ ಚುಚ್ಚುತ್ತದೆ. ನಮ್ಮ ಮನೆಯಲ್ಲಿ ಅದರ ಹೆಸರು ಕೆಂಪು ನೀರು. ಅದು ದೊಡ್ಡ ಡಬ್ಬಿಯಲ್ಲಿ ಬರುತ್ತದೆ. ಡಬ್ಬಿಯ ಮುಚ್ಚಳ ತೆಗೆಯಲು ಎರಡು ಕೈ ಬೇಕು, ಬೋಗುಣಿಗೆ ಬಗ್ಗಿಸಲು ಎರಡು ಕೈ ಬೇಕು. ಸ್ಪ್ರೇ ಬಾಟಲಿಯಲ್ಲಿ ತುಂಬಿಟ್ಟರೆ ಒಂದೇ ಕೈ ಸಾಕು. ಕಟ್ಟೆಗೆ ಬೋಲ್ಟು ಹಾಕಿ ಕೂರಿಸಿದ ವೈಸೆಂಬ ಕಬ್ಬಿಣದ ಇಕ್ಕಳದ ಬಾಯಿಗೆ ರೀಲು ಕಚ್ಚಿಸಿ, ಬಲಗೈಯಲ್ಲಿ ಬಾಟಲಿ ಹಿಡಿದು, ಕುದುರೆ ಒತ್ತಿದರೆ ಆಯಿತು. ಯಾರನ್ನೂ ಕರೆಯಬೇಕಾಗಿಲ್ಲ.

ಬಾಟಲಿ ಕೆಟ್ಟರೆ ಕರೆಯಬೇಕು. ಅಷ್ಟೇ ಕಥೆ. ನಮ್ಮ ಮನೆಯ ನೆಮ್ಮದಿಯೆಲ್ಲ ಒಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಗೆ ಜೋತುಬಿದ್ದಿತ್ತು.

"ಏ, ಬಾ ಇಲ್ಲಿ."

ರೊಟ್ಟಿ ತಟ್ಟುವಾಗ, ಉತ್ತರಪತ್ರಿಕೆ ತಿದ್ದುವಾಗ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ. "ಏ, ಇದು ಜರಾ ಹಿಡಿ. ಏ, ಡಬ್ಬಿ ತೆಗಿ. ಏ, ಬಟ್ಟಲಿಗೆ ಹಾಕು." ಹೋಗಿ ಮಾಡಿಕೊಟ್ಟು ಬಂದು ಕೈ ತೊಳೆದು ಹಿಟ್ಟಿಗೆ ಕೈ ಹಾಕಿದರೆ ಮತ್ತೆ "ಏ". ನನಗೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದ್ದದ್ದು ಅವರು ಕರೆಯದೆ ಇದ್ದಾಗ. ಶಾಲೆಯಿಂದ ಬಂದು ನೋಡಿದರೆ ಬಿಚ್ಚಿದ ರೀಲು ವೈಸಿನಲ್ಲಿ ಹಾಗೇ ಇರುತ್ತಿತ್ತು, ಇವರು ಪಕ್ಕದಲ್ಲಿ ಬೆಳಿಗ್ಗೆಯಿಂದ ಸುಮ್ಮನೆ ಕೂತಿರುತ್ತಿದ್ದರು. ಯಾಕೆ ಎಂದರೆ "ಬಾಟ್ಲಿ ಕೆಡ್ತು" ಎನ್ನುತ್ತಿದ್ದರು, ನನ್ನ ಮುಖ ನೋಡದೆ. ಅದು ಹಳೆಯ ಕಾಲದ ಕೂರುವಿಕೆ. ಅದನ್ನು ಮತ್ತೆ ನೋಡುವ ಶಕ್ತಿ ನನಗಿರಲಿಲ್ಲ. ಹೀಗಾಗಿ ಗಟ್ಟಿ ಬಾಟಲಿ ಹುಡುಕುವ ಕೆಲಸ ನಾನು ಹಚ್ಚಿಕೊಂಡೆ.

ಮೊದಲನೆಯದು ಶಹಾಪುರದ್ದೇ, ಕಟಿಂಗ್ ಅಂಗಡಿಗಳಿಗೆ ಸಾಮಾನು ಮಾರುವವನ ಹತ್ತಿರ ಕೊಂಡದ್ದು. ಗುಲಾಬಿ ಬಣ್ಣ, ನೋಡಲು ಚೆಂದ. ಎರಡೇ ದಿನಕ್ಕೆ ಒಳಗಿನ ವಾಶರ್ ಕೆಂಪು ನೀರು ಕುಡಿದು ಊದಿಕೊಂಡಿತು. ಒತ್ತಿದ ಕುದುರೆ ಒಳಗೇ ಉಳಿಯಿತು, ಹೊರಗೆ ಬರಲೊಲ್ಲದು. ತಿರುಗಿ ಒಯ್ದೆ.

"ಅಕ್ಕೋರ, ಇದು ನೀರಿನ ಬಾಟ್ಲಿ. ಅದರಾಗ ಏನ್ ಹಾಕೀರಿ?" ಎಂದ ಅಂಗಡಿಯವನು.

"ಜಿಡ್ಡು ತೆಗಿಯೂದು."

"ಹಂಗಾರ ತಪ್ಪು ನಮ್ದಲ್ರಿ."

"ಮದಲ ಹೇಳಬೇಕಿತ್ತು ನೀವು."

"ಮದಲ ಕೇಳಬೇಕಿತ್ರಿ ನೀವು."

ಇದಕ್ಕೆ ಏನು ಹೇಳುತ್ತೀರಿ? ಹಿಂದಿ, ಕನ್ನಡ, ಉರ್ದು ಮೂರರಲ್ಲೂ ಜಗಳ ಬರುತ್ತದೆ ನನಗೆ. ಮೂರೂ ಮುಗಿಸಿ ಖಾಲಿ ಕೈಯಲ್ಲಿ ಮನೆಗೆ ಬಂದೆ.

ಆಮೇಲೆ ಬೀಜ ಗೊಬ್ಬರದ ಅಂಗಡಿ. ಹತ್ತಿಗೂ ಮೆಣಸಿನಕಾಯಿಗೂ ಔಷಧಿ ಹೊಡೆಯುವ ಊರಿನಲ್ಲಿ ಗಟ್ಟಿ ಬಾಟಲಿ ಇಲ್ಲಿ ಸಿಗದೆ ಇನ್ನೆಲ್ಲಿ ಎಂದುಕೊಂಡೆ. ಅವನು ಮೊದಲು ತೋರಿಸಿದ್ದು ಕೀಟನಾಶಕದ ಖಾಲಿ ಬಾಟಲಿ, ತೊಳೆದು ಇಟ್ಟದ್ದು. "ಪುಕ್ಕಟೆ ಒಯ್ರಿ" ಎಂದ. ಮನೆಯಲ್ಲಿ ಉಳಿದಿರುವುದು ಒಂದು ಕೈ, ಅದಕ್ಕೂ ವಿಷ ಹಚ್ಚಲೇನು? ಬೇಡವೆಂದು ಹೊಸದು ಕೇಳಿದೆ. ದಪ್ಪ ಮೈಯದ್ದು, ತಲೆಯ ಮೇಲೆ ಪಂಪು ಇರುವುದನ್ನು ಕೊಟ್ಟ. ಗಾಳಿ ತುಂಬಿಟ್ಟರೆ ತಾನೇ ಸುರಿಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ ಎಂದ. ಖುಷಿಯಿಂದ ತಂದು ಕೊಟ್ಟೆ. ಇವರು ಅದನ್ನು ತಿರುಗಿಸಿ ನೋಡಿದರು, ತೊಡೆಗಳ ನಡುವೆ ಇಟ್ಟುಕೊಂಡು ಬಲಗೈಯಿಂದ ಪಂಪು ಒತ್ತಿದರು. ಬಾಟಲಿ ಜಾರಿ ಕೆಳಗೆ ಬಿತ್ತು. ಮತ್ತೆ ಇಟ್ಟುಕೊಂಡರು, ಮತ್ತೆ ಬಿತ್ತು. ಗಾಳಿ ತುಂಬಲು ಒಂದು ಕೈ, ಹಿಡಿಯಲು ಇನ್ನೊಂದು ಕೈ ಬೇಕು ಎಂಬುದು ನನಗೆ ಆಗ ಹೊಳೆಯಿತು.

"ಚಲೋ ಅದ. ಗಿಡಕ್ಕ ನೀರ್ ಹೊಡಿಲಾಕ ನಿಂಗ ಬರ್ತದ" ಎಂದರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಅಂದಿನಿಂದ ನನ್ನ ಪರೀಕ್ಷೆ ಬದಲಾಯಿತು. ಯಾವ ಅಂಗಡಿಗೆ ಹೋದರೂ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಲ್ಲಿ ಮಾತ್ರ ಬಾಟಲಿ ಎತ್ತಿ, ಒತ್ತಿ, ಇಟ್ಟು ನೋಡುತ್ತಿದ್ದೆ. ಸುರಪುರದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ನನ್ನ ಶಾಲೆಯ ಹುಡುಗಿಯರು ಇದನ್ನು ನೋಡಿ, ಮರುದಿನ ತರಗತಿಯಲ್ಲಿ ಒಬ್ಬೊಬ್ಬರೂ ಎಡಗೈ ಬೆನ್ನ ಹಿಂದಿಟ್ಟುಕೊಂಡು ಕೂತಿದ್ದರು. ನಕ್ಕೆನೋ ಬೈದೆನೋ ನೆನಪಿಲ್ಲ, ಎರಡನ್ನೂ ಮಾಡಿರಬೇಕು. ಆ ಸುರಪುರದ ಬಾಟಲಿ ಒತ್ತಲು ಬೆಣ್ಣೆಯಂತಿತ್ತು. ಆದರೆ ಕುತ್ತಿಗೆಯಲ್ಲಿ ಸೋರಿ ಕೆಂಪು ನೀರು ಅವರ ಮಣಿಕಟ್ಟಿನುದ್ದಕ್ಕೂ ಇಳಿಯಿತು, ಚರ್ಮ ಕೆಂಪಗಾಗಿ ಸುಲಿಯಿತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕೆಲಸವನ್ನು ತೂತೇ ಮಾಡುತ್ತಿತ್ತು.

ಹೀಗೆ ತರುವುದು, ತುಂಬುವುದು, ಕೆಡುವುದು, ಚೀಲಕ್ಕೆ ಹಾಕುವುದು. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ಕೊನೆಗೆ ಯಾದಗಿರಿಗೆ ಮೀಟಿಂಗಿಗೆ ಹೋದಾಗ, ಡಬ್ಬಿ ಕೊಂಡ ಆ ಬೈಕ್ ಸಾಮಾನಿನ ಅಂಗಡಿಗೇ ಹೋಗಿ ಕೂತೆ. ಬಾಟಲಿ ಕೊಡುವವರೆಗೆ ಏಳುವುದಿಲ್ಲ ಎಂದೆ.

"ಕೋಪ ಮಾಡ್ಬ್ಯಾಡ್ರಿ ಟೀಚರ್" ಎಂದ ಅಂಗಡಿಯವನು. ಗಡ್ಡ ನೆರೆತ, ನಿಧಾನದ ಮನುಷ್ಯ. "ಬಾಟ್ಲಿ ಕನ್ನಡಿ ಹಂಗ ಹೊಳಿತದಲ್ಲ, ಅಂಥಾದ್ದು ಬ್ಯಾಡ. ಹಾಲಿನಂಗ ಮಬ್ಬು ಇರೋದು ತಗೋರಿ, ದಪ್ಪಂದು. ಒಳಗ ವಾಶರ್ ಕರಿ ಇದ್ರ ಉಬ್ಬತದ, ಈ ಬಿಳಿದು ತಡಿತದ. ನಮ್ಮ ಅಂಗಡ್ಯಾಗ ದಿನಾ ಇದರಾಗ ಇದನ್ನ ಹೊಡಿತೀವಿ. ಬೇಫಿಕರ್ ಒಯ್ರಿ."

ಎಡಗೈ ಬೆನ್ನ ಹಿಂದಿಟ್ಟು ಒತ್ತಿದೆ. ಕುದುರೆ ಬಿಗಿಯಾಗಿತ್ತು, ಬಿಟ್ಟರೆ ಟಪ್ಪೆಂದು ಹಿಂದೆ ಬರುತ್ತಿತ್ತು. ಬಾಯಿ ತಿರುವಿದರೆ ದಾರದಂಥ ಧಾರೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಜೋಡಿ ತಂದೆ.

ಎರಡನ್ನೂ ಅದೇ ಡಬ್ಬಿಯಿಂದ ಅವತ್ತೇ ತುಂಬಿದೆ. ಆದರೆ ಎರಡನೆಯದು ಇವರ ಪಾಲಿಗೆ ಉಳಿಯಲಿಲ್ಲ. ಒಳಗಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಮಿಷನ್ ಇದೆ. ರವಿಕೆ, ದಿಂಬಿನ ಚೀಲ ಅಂತ ಈಗಲೂ ಏನಾದರೂ ಹೊಲಿಯುತ್ತಾರೆ. ಅದರ ಎಣ್ಣೆ ಗಟ್ಟಿಯಾಗಿ ಚಕ್ರ ಬಿಗಿಯುತ್ತಿತ್ತು. ಮೀನು ಮುಟ್ಟದ ಹೊಸ ಬಾಟಲಿ ನೋಡಿದ್ದೇ ಅತ್ತೆ, "ಇದು ನನ್ನ ಮಿಷನ್ನಿಗಿರಲಿ" ಎಂದು ಒಳಗೆ ಒಯ್ದರು. ಎಲ್ಲೆಲ್ಲಿ ಹೊಡೆಯಬೇಕೆಂದು ಇವರು ಪಕ್ಕದಲ್ಲಿ ಕೂತು ತೋರಿಸಿದರು. ಮಿಷನ್ ಹಗುರಾಯಿತು, ಅತ್ತೆಯೂ ಎರಡು ದಿನ ಹಗುರಾಗಿದ್ದರು.

ಕಟ್ಟೆಯ ಮೇಲಿನ ಬಾಟಲಿಯೂ ಚೆನ್ನಾಗಿ ನಡೆಯಿತು. ಚಳಿಗಾಲ ಕಳೆಯಿತು, ಶಿವರಾತ್ರಿ ಕಳೆಯಿತು. ರೀಲುಗಳು ಬಂದವು, ಹೋದವು. ನಾನು ರೊಟ್ಟಿ ತಟ್ಟಲು ಕೂತರೆ ಪೂರ್ತಿ ಬುಟ್ಟಿ ತುಂಬುವವರೆಗೆ ಏಳುತ್ತಿರಲಿಲ್ಲ. ಗೆದ್ದೆ ಎಂದೇ ತಿಳಿದುಕೊಂಡಿದ್ದೆ.

ಬೇಸಿಗೆ ಬಂತು. ನಮ್ಮ ಬೇಸಿಗೆಯ ಬಗ್ಗೆ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ, ಒಳಗಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಮುಖ ಪಶ್ಚಿಮಕ್ಕೆ. ಕಟ್ಟೆಯ ಮೇಲೊಂದು ತಗಡು ಇಳಿಸಿದ್ದೇವೆ, ಮಧ್ಯಾಹ್ನದವರೆಗೆ ಅದು ನೆರಳು. ಆಮೇಲೆ ಬಿಸಿಲು ಅದರ ಕೆಳಗೇ ನುಗ್ಗಿ ಬರುತ್ತದೆ, ಕಟ್ಟೆಯ ಕಲ್ಲು ರೊಟ್ಟಿಯ ಹಂಚಾಗುತ್ತದೆ. ಇವರು ಊಟಕ್ಕೆ ಒಳಗೆ ಬಂದು ಬಿಸಿಲು ಇಳಿಯುವವರೆಗೆ ಮಲಗುತ್ತಾರೆ. ಸಾಮಾನು ಮಾತ್ರ ಅಲ್ಲೇ.

ಅವತ್ತು ಶಾಲೆ ಮುಗಿಸಿ ಬಸ್ಸಿಳಿದು ಬಂದರೆ ಕಟ್ಟೆಯ ಮೇಲೆ ಅತ್ತೆ. ಬಿಂದಿಗೆ ಬಗ್ಗಿಸಿ ಮಗನ ಮುಖಕ್ಕೆ ನೀರು ಸುರಿಯುತ್ತಿದ್ದರು. ಅಂಗಿಯೆಲ್ಲ ಕೆಂಪು. ರಕ್ತವೆಂದೇ ತಿಳಿದೆ. ಹತ್ತಿರ ಹೋದಾಗ ವಾಸನೆ ಬಂತು, ರಕ್ತವಲ್ಲ.

ಬಾಟಲಿ ಒತ್ತುವಾಗ ಕೈಯಲ್ಲೇ ಕುತ್ತಿಗೆ ಮುರಿದು ಬಿದ್ದಿತ್ತು. ಸಂಜೆಗೆ ರೀಲು ಒಯ್ಯಲು ಒಬ್ಬ ಗಿರಾಕಿ ಬರುವುದಿತ್ತು. ಇವರು ಕೆಂಪು ನೀರಿನ ಡಬ್ಬಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಬಗ್ಗಿ, ಮುಚ್ಚಳವನ್ನು ಹಲ್ಲಿನಿಂದ ತಿರುವಿದ್ದಾರೆ. ಮುಚ್ಚಳ ಬಂತು, ಅದರ ಹಿಂದೆ ಕೆಂಪು ನೀರೂ ಬಂತು, ಬಾಯಿಗೆ, ಮೂಗಿಗೆ, ಕಣ್ಣಿಗೆ.

ಆಟೋ ಹಿಡಿದು ದವಾಖಾನೆಗೆ ಓಡಿದೆವು. ಡಾಕ್ಟರು ಬಹಳ ಹೊತ್ತು ಕಣ್ಣು ತೊಳೆದರು, ಮೊದಲೇ ನೀರು ಹಾಕಿದ್ದು ಒಳ್ಳೆಯದಾಯಿತು, ಕಣ್ಣು ಉಳಿದಿದೆ ಎಂದರು. ತುಟಿ ಸುಟ್ಟು ಊದಿತ್ತು. ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅತ್ತಿ ಒಳಗ ಇದ್ರಲ್ರಿ, ಯಾಕ ಕರೀಲಿಲ್ಲ ನೀವು?"

"ಎಷ್ಟಂತ ಕರೀಲಿ?" ಎಂದರು.

ಊದಿದ ತುಟಿಯಲ್ಲಿ ಆ ಮಾತು ಸರಿಯಾಗಿ ಬರಲೂ ಇಲ್ಲ. ಆದರೆ ಅಷ್ಟು ವರ್ಷದಲ್ಲಿ ಅವರು ತಮ್ಮ ಕೈಯ ಬಗ್ಗೆ ಆಡಿದ ಮಾತು ಅದೊಂದೇ. ಅತ್ತೆ ಗೋಡೆಗೆ ಆತು ನಿಂತಿದ್ದರು. ಅವರೂ ಕೇಳಿಸಿಕೊಂಡರು.

ನನ್ನ ಸಿಟ್ಟೆಲ್ಲ ಯಾದಗಿರಿಗೆ ತಿರುಗಿತು. ಬೇಫಿಕರ್ ಒಯ್ರಿ ಅಂದಿದ್ದನಲ್ಲ ಆ ಗಡ್ಡದವನು, ಅವನ ಮುಂದೆ ಈ ಮುರುಕು ಬಾಟಲಿ ಒಗೆದು, ಬೀದಿಯ ಜನ ಸೇರುವ ಹಾಗೆ ಕೇಳಬೇಕು ಎಂದು ಮರುದಿನ ರಜೆ ಹಾಕಿದೆ. ಮುರಿದ ಬಾಟಲಿ ಚೀಲಕ್ಕೆ ಹಾಕಿಕೊಂಡೆ. ಇದು ನಮ್ಮ ಅಂಗಡಿಯದೇ ಅಲ್ಲ ಎಂದು ಜಾರಿಕೊಂಡರೆ? ಸಾಕ್ಷಿಗೆ ಇದರ ಜೋಡಿಯನ್ನೂ ಒಯ್ಯೋಣವೆಂದು ಅತ್ತೆಯ ಕೋಣೆಗೆ ಹೋಗಿ ಮಿಷನ್ನಿನ ಪಕ್ಕದಿಂದ ಆ ಇನ್ನೊಂದು ಬಾಟಲಿ ಎತ್ತಿಕೊಂಡೆ. ಬಾಗಿಲಿಗೆ ಬಂದು, ಬೆಳಕಿನಲ್ಲಿ, ಎರಡನ್ನೂ ಎರಡು ಕೈಯಲ್ಲಿ ಹಿಡಿದೆ.

ಬಲಗೈಯಲ್ಲಿದ್ದದ್ದು ಹಾಲಿನಂತೆ ಬೆಳ್ಳಗೆ. ಒಳಗೆ ಕೆಂಪು ನೀರು ಅರ್ಧ ಹಾಗೇ ಇತ್ತು. ಕುದುರೆ ಒತ್ತಿದೆ, ಟಪ್ಪೆಂದು ಹಿಂದೆ ಬಂತು. ಎಡಗೈಯಲ್ಲಿದ್ದದ್ದು ಹಳದಿಗಟ್ಟಿತ್ತು. ಹೆಬ್ಬೆರಳಿಂದ ಮೆಲ್ಲಗೆ ಅಮುಕಿದರೆ ಅದರ ಮೈ ಹಪ್ಪಳದ ಹಾಗೆ ಲಟಕ್ಕೆಂದು ಮುರಿಯಿತು. ಒಂದೇ ಅಂಗಡಿ, ಒಂದೇ ದಿನ, ಒಂದೇ ಡಬ್ಬಿಯ ನೀರು. ನಾನು ನಿಂತ ಜಾಗ ನೋಡಿಕೊಂಡೆ. ಹೊಸ್ತಿಲ ಮೇಲೆ ನಿಂತಿದ್ದೆ. ಒಂದು ಬಾಟಲಿ ಇದರ ಒಳಗಿತ್ತು, ಒಂದು ಇದರ ಹೊರಗಿತ್ತು. ಮತ್ತೇನೂ ವ್ಯತ್ಯಾಸವಿರಲಿಲ್ಲ.

ಮೂರು ಊರಿನ ಅಂಗಡಿಯವರನ್ನು ಬೈದಿದ್ದೆ. ವಾಶರ್ ಬೈದಿದ್ದೆ, ಸ್ಪ್ರಿಂಗು ಬೈದಿದ್ದೆ, ಕೆಂಪು ನೀರನ್ನು ಬೈದಿದ್ದೆ. ಗಟ್ಟಿ ಬಾಟಲಿಯನ್ನು ಹಂಚಿನ ಮೇಲೆ ಇಟ್ಟು ಸುಡುತ್ತಿದ್ದದ್ದು ನಮ್ಮ ಮನೆಯ ಕಟ್ಟಳೆ. ಯಾದಗಿರಿಗೆಂದು ಕಟ್ಟಿಕೊಂಡಿದ್ದ ಜಗಳ ಬಾಯಲ್ಲೇ ಇತ್ತು. ಅದನ್ನು ಹಾಗೇ ಒಳಗೆ ತಿರುಗಿಸಿದೆ.

"ಅತ್ತಿ, ಇಲ್ಲಿ ನೋಡ್ರಿ. ಇದು ನಿಮ್ಮ ಹತ್ರ ಇದ್ದದ್ದು, ಇದು ನಿಮ್ಮ ಮಗನ ಹತ್ರ ಇದ್ದದ್ದು."

ಅತ್ತೆ ಎರಡನ್ನೂ ಮುಟ್ಟಿ ನೋಡಿದರು. "ಅಂವಾ ಜೋರ್ ಒತ್ತಿರಬೇಕು" ಎಂದರು.

"ಜೋರ್ ಒತ್ತಿಲ್ರಿ, ಬಿಸಲಿಗೆ ಸುಟ್ಟದ. ಇದು ನೆರಳಾಗ ಇರ್ಬೇಕು. ಅವರ ಕೈಗೂ ಸಿಗಬೇಕು. ಇಲ್ಲಿ ಇಡ್ತೀನಿ ನಾ."

ನಾನು ತೋರಿಸಿದ್ದು ಮಾಡವನ್ನು. ನಮ್ಮದು ಹಳೆಯ ಕಲ್ಲಿನ ಮನೆ, ಗೋಡೆ ಮೊಳ ದಪ್ಪ. ಹೊಸ್ತಿಲ ಒಳಗೆ ಕಾಲಿಟ್ಟೊಡನೆ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮಾಡವಿದೆ, ಯಾವ ಕಾಲದಲ್ಲೂ ತಣ್ಣಗಿರುವ ಗೂಡು. ಇವರ ಕುರ್ಚಿಯಿಂದ ತೆರೆದ ಬಾಗಿಲೊಳಗೆ ಬಲಗೈ ಚಾಚಿದರೆ ಸಿಗುವಷ್ಟು ಹತ್ತಿರ. ಅದನ್ನು ಬಿಟ್ಟರೆ ಅವರ ಕೈಗೆಟಕುವ ನೆರಳು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

"ಅಲ್ಲಿ ಈಬತ್ತಿ ಅದ" ಎಂದರು ಅತ್ತೆ.

ಇತ್ತು. ಮಾವನವರ ಕಾಲದಿಂದಲೂ ಇತ್ತು. ವಿಭೂತಿ ಗಟ್ಟಿ ಇಟ್ಟ ಸಣ್ಣ ತಟ್ಟೆ. ಹೊರಗೆ ಹೋಗುವವರು ಬೆರಳು ಒತ್ತಿ ಹಣೆಗೆ ಹಚ್ಚಿಕೊಂಡು ಹೊಸ್ತಿಲು ದಾಟಬೇಕು.

"ಮೀನಿನ ಸಾಮಾನ ಒಯ್ದು ಈಬತ್ತಿ ಬಾಜೂಕ ಇಡ್ತೀಯೇನ? ನಿಮ್ಮಾವ ಇದ್ದಿದ್ರ ಈ ಮಾತು ಆಡ್ತಿದ್ದಿ?"

"ಬಾಟ್ಲಿ ಮೀನು ಮುಟ್ಟಂಗಿಲ್ರಿ ಅತ್ತಿ. ದೂರ ನಿಂತು ಉಗುಳತದ ಅಷ್ಟ. ಮಾವನವ್ರು ಇದ್ದಿದ್ರ ಮಗ ಹಲ್ಲಿಂದ ಡಬ್ಬಿ ತೆಗಿಯೂದು ನೋಡ್ಕೋತ ಕೂಡ್ತಿದ್ರೇನು?"

ಇದು ಹೆಚ್ಚಾಯಿತು. ಅತ್ತೆಯ ಮುಖ ಕಪ್ಪಿಟ್ಟಿತು. ಒಳಗೆ ಮಂಚದ ಮೇಲೆ ಕಣ್ಣಿಗೆ ಅರಿವೆ ಹಾಕಿಕೊಂಡು ಮಲಗಿದ್ದ ಇವರು ಅಲ್ಲಿಂದಲೇ ಮಾತಾಡಿದರು.

"ಬಿಡ್ರಿ ಇಬ್ರೂ. ಯವ್ವಾ, ನೀ ಸುಮ್ನಿರು. ನಾ ಇನ್ನ ಕರೀತೀನಿ. ಪ್ರತಿ ಸಲಾನೂ ಕರೀತೀನಿ, ಆತಿಲ್ಲ?"

ಜಗಳ ಅಲ್ಲಿಗೆ ನಿಂತಿತು. ನನಗೆ ಅಳು ಬಂತು, ಸಿಟ್ಟಿಗೆ ಬಂದ ಅಳು. ಸೋತವರು ಹೇಳುವ ಮಾತು ಅದು, ಅದನ್ನು ಅವರ ಬಾಯಿಂದ ಹೇಳಿಸಿದವರು ನಾವಿಬ್ಬರು. ರಜೆ ಹಾಕಿದ ದಿನವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಕಳೆದೆವು. ಅತ್ತೆ ಊಟಕ್ಕೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟು, ರೂಢಿಯಂತೆ ವಿಭೂತಿಗೆಂದು ಮಾಡದೊಳಗೆ ಬೆರಳಿಟ್ಟೆ. ಬೆರಳಿಗೆ ಒದ್ದೆ ಕಲ್ಲು ತಾಗಿತು. ತಟ್ಟೆ ಇರಲಿಲ್ಲ. ಯಾರೋ ಒರೆಸಿ ಸ್ವಚ್ಛ ಮಾಡಿದ್ದರು. ತಿರುಗಿ ನೋಡಿದರೆ ದೇವರ ಜಗುಲಿಯ ಮೇಲೆ ವಿಭೂತಿ ತಟ್ಟೆ ಇತ್ತು, ಅತ್ತೆ ಅದರ ಮುಂದೆ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

"ಮಾಡ ಖಾಲಿ ಅದ" ಎಂದರು. "ನನ್ನ ಮಿಷನ್ನಿನ ಬಾಟ್ಲಿ ತಂದು ಇಡು. ರೀಲ್ ಮಾತ್ರ ಹೊರಗ. ಮತ್ತ ಆ ಮಾತು ತೆಗಿಬ್ಯಾಡ."

ಆಮೇಲೆ ತಟ್ಟೆಯಲ್ಲಿ ಬೆರಳೊತ್ತಿ, ಮೊಣಕಾಲು ಹಿಡಿದುಕೊಂಡು ಎದ್ದು, ಮಂಚದ ಹತ್ತಿರ ಹೋಗಿ ಮಗನ ಹಣೆಗೆ ತಾವೇ ಹಚ್ಚಿದರು. ಈಗಲೂ ದಿನಾ ಹಾಗೇ ಮಾಡುತ್ತಾರೆ. ಅದಕ್ಕೆ ಇವರು ಕರೆಯಬೇಕಾಗಿಲ್ಲ.

ಆ ಬಾಟಲಿ ಬೇಸಿಗೆ ದಾಟಿತು, ಮಳೆಗಾಲ ದಾಟಿತು, ಇನ್ನೂ ನಡೆದಿದೆ. ಯಾದಗಿರಿಯ ಗಡ್ಡದವನ ಹತ್ತಿರ ಆಡಬೇಕಿದ್ದ ಜಗಳ ಆಡದೇ ಉಳಿಯಿತು. ಅವನ ಅಂಗಡಿಯ ಮುಂದೆ ಹೋಗುವಾಗ ಈಗ ನಾನೇ ರಸ್ತೆಯ ಆಚೆ ಮಗ್ಗುಲಿನಿಂದ ನಡೆಯುತ್ತೇನೆ.

ಮೊನ್ನೆ ರವಿವಾರ ಒಲೆಯ ಮುಂದೆ ಕೂತಿದ್ದೆ. ಕಟ್ಟೆಯಿಂದ ಚುಸ್ ಚುಸ್ ಎಂದು ಸದ್ದು ಬರುತ್ತಿತ್ತು. ಒಮ್ಮೆ ನಿಂತಿತು. ನಾನು ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಪರಾತದಲ್ಲಿಟ್ಟೆ. "ಏ" ಅನ್ನುತ್ತಾರೆ ಈಗ ಎಂದು ಕಾದೆ. ಅನ್ನಲಿಲ್ಲ. ಮತ್ತೆ ಸದ್ದು ಶುರುವಾಯಿತು, ಮತ್ತೆ ನಿಂತಿತು. ಕರೆದು ಕರೆದು ನನ್ನ ತಲೆ ತಿಂದ ಮನುಷ್ಯ ಈಗ ಇಷ್ಟು ಹೊತ್ತಾದರೂ ಕರೆಯುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು. ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಹೋದೆ.

ಬಿಚ್ಚಿದ ರೀಲು ವೈಸಿನಲ್ಲಿ ಫಳಫಳ ಹೊಳೆಯುತ್ತಿತ್ತು. ಇವರು ಅದನ್ನೇ ನೋಡುತ್ತ, ತಲೆ ತಿರುಗಿಸದೆ ಬಲಗೈ ಹಿಂದೆ ಚಾಚಿ, ಬಾಟಲಿಯನ್ನು ಮಾಡದೊಳಗೆ ಇಟ್ಟರು.

"ಏನರ ಬೇಕೇನ್ರಿ?" ಎಂದೆ.

"ನಾ ಕರದೆನೇನು?" ಎಂದರು.

ಇಲ್ಲ ಎಂದೆ. ಕರೆದಿರಲಿಲ್ಲ. ಒಳಗೆ ಬಂದು ರೊಟ್ಟಿ ತಟ್ಟಿದೆ.